ಮನೆಯ ಓವನ್ನಿನಲ್ಲಿ ಬಾರ್ಬೆಕ್ಯೂ ಪಕ್ಕೆಲುಬು: ಫಾಯಿಲೋ, ಹಬೆಯೋ, ಕುಕ್ಕರೋ?

ಪಕ್ಕೆಲುಬಿನ ಮಾಂಸ ಮೆದುವಾಗುವುದು ಒಂದು ಕೆಲಸ. ಅದರ ಮೈ ಕೆಂಪೇರಿ ಅಂಟಂಟಾಗಿ ಹೊಳೆಯುವುದು ಇನ್ನೊಂದು ಕೆಲಸ. ಮೊದಲನೆಯದಕ್ಕೆ ಹದವಾದ ಬಿಸಿ, ತೇವ, ಗಂಟೆಗಟ್ಟಲೆ ಹೊತ್ತು ಬೇಕು. ಎರಡನೆಯದಕ್ಕೆ ಒಣ ಬಿಸಿ, ಅದೂ ಹತ್ತು ಹದಿನೈದು ನಿಮಿಷ ಸಾಕು. ಅಮೆರಿಕದ ಬಾರ್ಬೆಕ್ಯೂ ಗೂಡಿನಲ್ಲಿ 110 ಡಿಗ್ರಿ ಆಸುಪಾಸಿನ ಹೊಗೆಯಲ್ಲಿ ಐದಾರು ಗಂಟೆ ಇಟ್ಟು ಎರಡನ್ನೂ ಒಟ್ಟಿಗೇ ಸಾಧಿಸುತ್ತಾರೆ. ನಮ್ಮ ಅಡುಗೆಮನೆಯ 28 ಅಥವಾ 35 ಲೀಟರಿನ ಒಟಿಜಿಯಲ್ಲಿ (ಓವನ್-ಟೋಸ್ಟರ್-ಗ್ರಿಲ್) ಬಿಸಿ ರಾಡ್ ಮಾಂಸದಿಂದ ನಾಲ್ಕೇ ಬೆರಳು ದೂರ. ಅದರಲ್ಲಿ ತೆರೆದಿಟ್ಟು ಐದು ಗಂಟೆ ಬೇಯಿಸಿದರೆ ಕೈಗೆ ಸಿಗುವುದು ಒಣಗಿದ ತೊಗಲು. ಹಾಗಾಗಿ ಎರಡು ಕೆಲಸವನ್ನೂ ಬೇರೆ ಮಾಡಿ: ಮುಚ್ಚಿ ಮೆದು ಮಾಡುವುದು, ತೆರೆದು ಕೆಂಪು ಮಾಡುವುದು. ಮೆದು ಮಾಡುವುದಕ್ಕೆ ಯಾವ ದಾರಿ ಅನ್ನುವುದಷ್ಟೇ ಇಲ್ಲಿ ಆಯ್ಕೆಯ ಪ್ರಶ್ನೆ. ಕೆಂಪು ಮಾಡುವ ಹಂತ ಎಲ್ಲ ದಾರಿಗೂ ಒಂದೇ. (ಕೆಳಗೆ ಹೇಳಿದ ಡಿಗ್ರಿಗಳೆಲ್ಲ ಸೆಲ್ಸಿಯಸ್.)

ಗಟ್ಟಿ ಯಾಕಾಗುತ್ತದೆ

ಎಲುಬುಗಳ ನಡುವಿನ ಮಾಂಸ ಪ್ರಾಣಿ ಉಸಿರಾಡಿದಷ್ಟು ದಿನವೂ ದುಡಿದದ್ದು. ಅದರಲ್ಲಿ ಕೊಲ್ಲಾಜೆನ್ ಎಂಬ ನಾರು ಜಾಸ್ತಿ. ಈ ನಾರು ಕರಗಿ ಜಿಲೆಟಿನ್ ಆಗಲು ಶುರುವಾಗುವುದು ಮಾಂಸದ ಒಳಬಿಸಿ 70 ಡಿಗ್ರಿ ದಾಟಿದ ಮೇಲೆ, ಅದೂ ತೀರಾ ನಿಧಾನವಾಗಿ. 90 ದಾಟಿದ ಮೇಲೆ ಕೆಲಸ ಚುರುಕಾಗುತ್ತದೆ. ಆದರೆ 60ರಿಂದ 75ರ ಒಳಗೆ ಮಾಂಸದ ಎಳೆಗಳು ಬಿಗಿದು ನೀರನ್ನು ಹಿಂಡಿ ಹೊರಹಾಕಿಬಿಟ್ಟಿರುತ್ತವೆ. ಹಾಗಾಗಿ ಮಧ್ಯದಲ್ಲೊಂದು ಕೆಟ್ಟ ಘಟ್ಟ ಇದೆ: ಮಾಂಸ ಬೆಂದಿದೆ, ತಿನ್ನಲು ಅಪಾಯವಿಲ್ಲ, ಹಲ್ಲಿಗೆ ಮಾತ್ರ ರಬ್ಬರ್. ಹೆಚ್ಚಿನವರು ಇಲ್ಲೇ ತಪ್ಪುವುದು. ಚೂರು ಕಚ್ಚಿ ನೋಡಿ, ‘ಜಾಸ್ತಿ ಬೆಂದು ಗಟ್ಟಿಯಾಯಿತು’ ಎಂದು ಹೊರಗೆ ತೆಗೆಯುತ್ತಾರೆ. ನಿಜಕ್ಕೂ ಅದು ಕಮ್ಮಿ ಬೆಂದದ್ದು. ಮುಚ್ಚಿ ಇನ್ನೊಂದು ಗಂಟೆ ಬಿಟ್ಟರೆ ಅದೇ ತುಂಡು ಮೆತ್ತಗಾಗುತ್ತದೆ. ಒಳಬಿಸಿ 92ರಿಂದ 95 ಡಿಗ್ರಿಗೆ ಬಂದು ಸ್ವಲ್ಪ ಹೊತ್ತು ಅಲ್ಲೇ ನಿಂತರೆ ಹದ.

ಅಂಗಡಿಯಲ್ಲಿ

ಇಲ್ಲಿನ ಹಂದಿಮಾಂಸದ ಅಂಗಡಿಗಳಲ್ಲಿ ಬಾಯಿ ತೆರೆಯುವ ಮೊದಲೇ ಎಲ್ಲವೂ ಬಫಾತಿನ (ಹಂದಿಮಾಂಸದ ಮಸಾಲೆ ಪದಾರ್ಥ) ಅಳತೆಗೆ ತುಂಡಾಗಿರುತ್ತದೆ. ಪಕ್ಕೆಲುಬು ಪಟ್ಟಿಯಾಗಿಯೇ ಬೇಕಿದ್ದರೆ ಹಿಂದಿನ ದಿನ ಹೇಳಿಡಿ. ಅಂಗಡಿಯವರು ಮಲಯಾಳ ಆಡುವವರಾದರೆ ‘ವಾರಿಯೆಲ್ಲ್ ಮುರಿಕ್ಕೇಂಡ, ಮುಳುವನಾಯಿಟ್ಟ್ ವೇಣಂ’ (ಪಕ್ಕೆಲುಬು ತುಂಡು ಮಾಡಬೇಡಿ, ಇಡಿಯಾಗಿಯೇ ಬೇಕು) ಅಂದರೆ ಸಾಕು. ತುಳು ಆಡುವವರಾದರೆ ‘ತುಂಡು ಮಲ್ಪೊಡ್ಚಿ’ (ತುಂಡು ಮಾಡುವುದು ಬೇಡ).

ಒಂದೇ ಪಕ್ಕೆಯಲ್ಲಿ ಎರಡು ಬಗೆ ಇದೆ. ಬೆನ್ನಿನ ಬದಿಯದ್ದು ಗಿಡ್ಡ, ಬಾಗಿದ ಎಲುಬು, ಮೇಲಿನ ಮಾಂಸದಲ್ಲಿ ಕೊಬ್ಬು ಕಡಿಮೆ. ಬೇಗ ಬೇಯುತ್ತದೆ, ಬೇಗ ಒಣಗುತ್ತದೆ. ಹೊಟ್ಟೆಯ ಬದಿಯದ್ದು ಉದ್ದ, ಚಪ್ಪಟೆ, ಕೊಬ್ಬು ಮತ್ತು ನಾರು ಎರಡೂ ಜಾಸ್ತಿ. ಮೊದಲ ಸಲ ಮಾಡುವವರಿಗೆ ಹೊಟ್ಟೆಯ ಬದಿಯದ್ದೇ ಒಳ್ಳೆಯದು. ಹೊತ್ತಿನ ಲೆಕ್ಕ ಅರ್ಧ ಗಂಟೆ ಹೆಚ್ಚುಕಮ್ಮಿಯಾದರೂ ಅದು ಕ್ಷಮಿಸುತ್ತದೆ. ನಾಲ್ಕು ಜನಕ್ಕೆ ಒಂದೂವರೆ ಕಿಲೋ ಬೇಕು, ಎಲುಬಿನ ತೂಕವೇ ಸಾಕಷ್ಟಿರುತ್ತದಲ್ಲ.

ಬೆಳಿಗ್ಗೆ ಕಡಿದದ್ದನ್ನು ಮಧ್ಯಾಹ್ನವೇ ಓವನ್ನಿಗೆ ಹಾಕಬೇಡಿ. ‘ಫ್ರೆಶ್’ ಅನ್ನುವುದು ಮೀನಿಗೆ ಸಲ್ಲುವ ಮಾತು. ಕಡಿದ ಕೆಲವು ಗಂಟೆ ಮಾಂಸ ಸೆಟೆದುಕೊಂಡಿರುತ್ತದೆ. ಉಪ್ಪು ಹಚ್ಚಿ ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಸೆಟೆತ ಇಳಿಯುತ್ತದೆ, ಉಪ್ಪೂ ಒಳಗೆ ಹೋಗುತ್ತದೆ.

ಹಂದಿ ತಿನ್ನದ ಮನೆಗಳಿಗೆ ಆಡಿನ ಪಕ್ಕೆಲುಬು ಆಗುತ್ತದೆ, ಆದರೆ ನಿರೀಕ್ಷೆ ಬದಲಿಸಿಕೊಳ್ಳಿ. ಮಾಂಸ ತೆಳ್ಳಗಿರುವುದರಿಂದ ತೆರೆದ ಬಿಸಿಗೆ ನಿಲ್ಲುವುದಿಲ್ಲ. ಎದೆಯ ಭಾಗ ಸೇರಿಸಿ ಕೊಡಲು ಹೇಳಿ. ಅದರ ಕೊಬ್ಬು ತಣಿದ ಕೂಡಲೇ ಮೇಣದಂತೆ ಗಟ್ಟಿಯಾಗುತ್ತದೆ, ಬಿಸಿಬಿಸಿಯಾಗಿಯೇ ಬಡಿಸಬೇಕು. ಕೋಣದ ಪಕ್ಕೆಲುಬಾದರೆ ಕೆಳಗೆ ಹೇಳಿದ ಹೊತ್ತಿಗೆ ಒಂದರಿಂದ ಒಂದೂವರೆ ಗಂಟೆ ಸೇರಿಸಿ.

ಆ ಪೊರೆ

ಪಟ್ಟಿಯನ್ನು ಬೋರಲು ಹಾಕಿ ಎಲುಬಿನ ಬದಿ ನೋಡಿ. ಬೆಳ್ಳಗೆ, ಹೊಳೆಯುವ, ಒದ್ದೆ ಪ್ಲಾಸ್ಟಿಕ್‌ನಂಥ ಪೊರೆ ಕಾಣುತ್ತದೆ. ಇದು ಎಷ್ಟು ಬೇಯಿಸಿದರೂ ಕರಗುವುದಿಲ್ಲ, ಮಸಾಲೆಯನ್ನೂ ಒಳಗೆ ಬಿಡುವುದಿಲ್ಲ. ಕೊನೆಯ ಎಲುಬಿನ ಮೇಲೆ ಚಮಚದ ಹಿಡಿಕೆಯನ್ನು ಪೊರೆಯ ಅಡಿಗೆ ತೂರಿಸಿ ಮೇಲೆತ್ತಿ. ಬೆರಳಿನಲ್ಲಿ ಹಿಡಿದರೆ ಜಾರುತ್ತದೆ. ಹಳೇ ಬೈರಾಸಿನ (ಟವೆಲಿನ) ತುಂಡಿನಿಂದ ಹಿಡಿದು ಒಂದೇ ಬಲದಲ್ಲಿ ಅಡ್ಡಕ್ಕೆ ಎಳೆದರೆ ಪರ್ರೆಂದು ಪೂರ್ತಿ ಬರುತ್ತದೆ. ಹರಿದುಹೋದರೆ ಇನ್ನೊಂದು ತುದಿಯಿಂದ ಶುರುಮಾಡಿ. ಎಳೇ ಹಂದಿಯದ್ದಾದರೆ ಪೊರೆ ತೀರಾ ತೆಳು, ಎಳೆದರೆ ಚೂರುಚೂರಾಗಿ ಬರುತ್ತದೆ. ಆಗ ಚೂರಿಯ ತುದಿಯಿಂದ ಬೆರಳಗಲಕ್ಕೊಂದು ಗೀರು ಹಾಕಿ ಬಿಟ್ಟುಬಿಡಿ.

ನಿಮ್ಮ ಓವನ್ ಹೇಳುವ ಸುಳ್ಳು

ಒಟಿಜಿಯ ಗುಂಡಿಯಲ್ಲಿ 140 ಅಂತಿದ್ದರೆ ಒಳಗೆ 120ರಿಂದ 165ರವರೆಗೆ ಏರಿಳಿತ ಇರಬಹುದು. ಒಳಗೆ ನೇತುಹಾಕುವ ಚಿಕ್ಕ ಓವನ್ ಥರ್ಮಾಮೀಟರು ಇಲ್ಲಿ ಮಸಾಲೆಗಿಂತ ದೊಡ್ಡ ಖರೀದಿ.

ಇನ್ನೊಂದು, ವೋಲ್ಟೇಜ್. ಒಳನಾಡಿನಲ್ಲಿ, ಲೈನಿನ ತುದಿಯಲ್ಲಿರುವ ಮನೆಗಳಲ್ಲಿ ಸಂಜೆ ತೋಟದ ಪಂಪುಗಳು ಓಡುವಾಗ 230 ಇರಬೇಕಾದದ್ದು 190ಕ್ಕೆ ಇಳಿಯಿತು ಅಂತಿಟ್ಟುಕೊಳ್ಳಿ. ರಾಡಿನ ಬಿಸಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬೀಳುತ್ತದೆ. 1500 ವಾಟಿನ ಓವನ್ ಆಗ ಕೊಡುವುದು ಸುಮಾರು 1000 ವಾಟ್ ಮಾತ್ರ. 135 ಡಿಗ್ರಿಯನ್ನು ಹೇಗೋ ಹಿಡಿದುಕೊಳ್ಳುತ್ತದೆ, ಕೊನೆಯ 220 ಡಿಗ್ರಿಗೆ ಏರಲು ಒದ್ದಾಡುತ್ತದೆ. ಆದ್ದರಿಂದ ಕೆಂಪು ಮಾಡುವ ಹಂತ ಮಧ್ಯಾಹ್ನಕ್ಕೆ ಬರುವಂತೆ ಹೊತ್ತು ಹೊಂದಿಸಿ. ಪ್ಲಗ್ ವಿಷಯವೂ ಹೇಳಿಬಿಡಬೇಕು: 1500 ವಾಟ್ ಎಂದರೆ ಆರೂವರೆ ಆಂಪಿಯರ್. ಮಿಕ್ಸಿಯ 6 ಆಂಪಿಯರ್ ಸಾಕೆಟ್ಟಿಗೆ ಅಡಾಪ್ಟರ್ ಸಿಕ್ಕಿಸಿ ಮೂರು ಗಂಟೆ ಓಡಿಸಿದರೆ ಮೊದಲು ಬೇಯುವುದು ಸಾಕೆಟ್. 16 ಆಂಪಿಯರಿನ ಪವರ್ ಪ್ಲಗ್ಗೇ ಬೇಕು.

ಮೊದಲ ದಾರಿ: ಬಾಳೆಲೆ, ಫಾಯಿಲ್, ಓವನ್

ರುಚಿಯಲ್ಲಿ ಇದಕ್ಕೆ ಸಾಟಿ ಇಲ್ಲ. ಮಾಂಸ ತನ್ನದೇ ರಸದಲ್ಲಿ, ತನ್ನದೇ ಕೊಬ್ಬಿನಲ್ಲಿ ಬೇಯುತ್ತದೆ, ಒಂದು ತೊಟ್ಟೂ ಹೊರಗೆ ಹೋಗುವುದಿಲ್ಲ.

ಒಂದೂವರೆ ಕಿಲೋಗೆ 20 ಗ್ರಾಂ ಪುಡಿ ಉಪ್ಪನ್ನು (ಮೂರು ಟೀಚಮಚ ಮಟ್ಟಸ) ಹಿಂದಿನ ರಾತ್ರಿಯೇ ಹಚ್ಚಿಡಿ. ಬೆಳಿಗ್ಗೆ ಒಣ ಮಸಾಲೆ: ಬ್ಯಾಡಗಿ ಮೆಣಸಿನ ಪುಡಿ ಒಂದೂವರೆ ದೊಡ್ಡ ಚಮಚ, ತರಿತರಿಯಾಗಿ ಕುಟ್ಟಿದ ಕರಿಮೆಣಸು ಎರಡು ಟೀಚಮಚ, ಹುರಿದ ಕೊತ್ತಂಬರಿ ಪುಡಿ ಎರಡು ಟೀಚಮಚ, ಜೀರಿಗೆ ಪುಡಿ ಒಂದು, ಬೆಲ್ಲದ ಪುಡಿ ಒಂದು ದೊಡ್ಡ ಚಮಚ, ಜಜ್ಜಿದ ಬೆಳ್ಳುಳ್ಳಿ ಹತ್ತು ಎಸಳು. ಇಲ್ಲಿ ಬ್ಯಾಡಗಿಯನ್ನು ಖಾರದ ಮೆಣಸಿಗೆ ಬದಲಾಯಿಸಬೇಡಿ. ಬಾರ್ಬೆಕ್ಯೂ ಮಸಾಲೆಯಲ್ಲಿ ಪ್ಯಾಪ್ರಿಕ ಮಾಡುವ ಕೆಲಸವನ್ನೇ, ಅಂದರೆ ಬಣ್ಣ, ತುಸು ಸಿಹಿ, ಮಿತವಾದ ಖಾರ, ನಮ್ಮಲ್ಲಿ ಬ್ಯಾಡಗಿ ಮಾಡುತ್ತದೆ.

ಬಾಳೆಲೆಯನ್ನು ಒಲೆಯ ಮೇಲೆ ಆಡಿಸಿ ಬಾಡಿಸಿ. ಕಡುಹಸಿರು ಬಣ್ಣ ತಿರುಗಿ ಮಿಂಚಿದ ಕೂಡಲೇ ಸಾಕು, ಮಡಚಿದರೆ ಸೀಳುವುದಿಲ್ಲ. ಪಟ್ಟಿ ಟ್ರೇಗಿಂತ ಉದ್ದವಿದ್ದರೆ ಎಲುಬುಗಳ ನಡುವೆ ಕೊಯ್ದು ಎರಡು ಮಾಡಿ. ಎಲೆಯಲ್ಲಿ ಸುತ್ತಿ, ಅದರ ಮೇಲೆ ಎರಡು ಪದರ ಫಾಯಿಲ್ ಬಿಗಿಯಾಗಿ ಸುತ್ತಿ. ಎಲೆ ಇಲ್ಲಿ ಚೆಂದಕ್ಕಲ್ಲ. ಮಸಾಲೆಗೆ ಪುನರ್ಪುಳಿ (ಕೋಕಂ), ವಿನೆಗರ್, ಹುಣಸೆ ಏನಾದರೂ ಸೇರಿಸಿದ್ದರೆ ಹುಳಿ ಅಲ್ಯುಮಿನಿಯಂ ಫಾಯಿಲನ್ನು ತಿನ್ನುತ್ತದೆ. ಮೂರು ಗಂಟೆಯ ಬಿಸಿಯಲ್ಲಿ ಫಾಯಿಲಿಗೆ ಸಣ್ಣಸಣ್ಣ ತೂತು ಬಿದ್ದು ಮಾಂಸಕ್ಕೆ ಲೋಹದ ರುಚಿ ಹತ್ತುತ್ತದೆ. ಎಲೆ ಅದನ್ನು ತಡೆಯುತ್ತದೆ, ಪರಿಮಳ ಪುಕ್ಕಟೆ.

ಮಾಂಸದ ಬದಿ ಕೆಳಗಾಗಿ ಟ್ರೇಯಲ್ಲಿಟ್ಟು, ಕೆಳಗಿನ ಮೆಟ್ಟಿಲಲ್ಲಿ, ಮೇಲೂ ಕೆಳಗೂ ರಾಡ್ ಉರಿಯುವಂತೆ ಇಟ್ಟು 135ರಿಂದ 140 ಡಿಗ್ರಿ. ಬೆನ್ನಿನ ಬದಿಯದ್ದು ಎರಡರಿಂದ ಎರಡೂಕಾಲು ಗಂಟೆ, ಹೊಟ್ಟೆಯ ಬದಿಯದ್ದು ಎರಡೂಮುಕ್ಕಾಲರಿಂದ ಮೂರೂಕಾಲು ಗಂಟೆ, ಆಡಿನದ್ದು ಎರಡರಿಂದ ಎರಡೂವರೆ. ನಡುವೆ ಬಿಚ್ಚಿ ನೋಡುವ ಚಟ ಬೇಡ. ಪ್ರತಿ ಸಲ ಹಬೆ ಹೊರಗೆ ಹೋದಾಗ ಕಾಲು ಗಂಟೆ ನಷ್ಟ. ಕರೆಂಟಿನ ಖರ್ಚು ಎಲ್ಲ ಸೇರಿ ಎರಡರಿಂದ ಮೂರು ಯುನಿಟ್ಟಿನ ಒಳಗೆ, ಯಾಕೆಂದರೆ ಥರ್ಮೋಸ್ಟ್ಯಾಟ್ ಆಗಾಗ ರಾಡನ್ನು ಆರಿಸುತ್ತಲೇ ಇರುತ್ತದೆ.

‘180ಕ್ಕಿಟ್ಟರೆ ಒಂದೂವರೆ ಗಂಟೆಯಲ್ಲಿ ಆಗುವುದಿಲ್ಲವೇ?’ ಆಗುತ್ತದೆ. ತುದಿಯ ಎಲುಬುಗಳು ಒಣಗಿ, ನಡುವಿನದು ಮಾತ್ರ ಹದಕ್ಕೆ ಬರುತ್ತದೆ. ಅವಸರವಿದ್ದರೆ ಅದಕ್ಕಿಂತ ಹಬೆ ಎಷ್ಟೋ ಮೇಲು.

ಮೈಕ್ರೋವೇವ್ ಕನ್ವೆಕ್ಷನ್ ಓವನ್ ಇರುವವರು ನೆನಪಿಡಬೇಕಾದ್ದು ಒಂದೇ: ಬರಿಯ ಕನ್ವೆಕ್ಷನ್‌ನಲ್ಲಿ, ತಯಾರಕರ ಪುಸ್ತಿಕೆ ಒಪ್ಪುವುದಾದರೆ ಮಾತ್ರ ಫಾಯಿಲ್. ಮೈಕ್ರೋವೇವ್ ಸೇರಿದ ಯಾವ ಮೋಡಿನಲ್ಲೂ ಬೇಡ, ಕಿಡಿ ಹಾರುತ್ತದೆ.

ಎರಡನೆಯದು: ಇಡ್ಲಿ ಪಾತ್ರೆಯ ಹಬೆ

ಕರೆಂಟನ್ನು ನಂಬಲಾಗದ ಮಳೆಗಾಲಕ್ಕೆ ಇದೇ ಸರಿ. ಮೂರು ಗಂಟೆ ಕೇಳುವ ಕೆಲಸವೆಲ್ಲ ಗ್ಯಾಸಿನ ಮೇಲೆ, ಓವನ್ ಬೇಕಾಗುವುದು ಕೊನೆಯ ಇಪ್ಪತ್ತು ನಿಮಿಷಕ್ಕೆ. ಮಸಾಲೆ ಹಚ್ಚಿದ ಪಟ್ಟಿಯನ್ನು ನಾಲ್ಕೈದು ಎಲುಬಿಗೊಂದು ತುಂಡು ಮಾಡಿ, ಬಾಳೆಲೆಯಲ್ಲಿ ಸುತ್ತಿ, ತಟ್ಟೆ ತೆಗೆದ ಇಡ್ಲಿ ಪಾತ್ರೆಯಲ್ಲಿ ನಿಲ್ಲಿಸಿಡಿ. ನೀರು ಕುದಿದು ಹಬೆ ಬಂದಲ್ಲಿಂದ ಲೆಕ್ಕ: ಹಂದಿಗೆ 75ರಿಂದ 90 ನಿಮಿಷ. ಹಬೆ 100 ಡಿಗ್ರಿ ದಾಟುವುದಿಲ್ಲವಾದ್ದರಿಂದ ಹದ ತಪ್ಪುವ ಭಯ ಕಡಿಮೆ. ಅಪಾಯ ಒಂದೇ, ನೀರು ಆರಿ ತಳ ಹಿಡಿಯುವುದು. ತಳದಲ್ಲಿ ಒಂದು ರೂಪಾಯಿಯ ನಾಣ್ಯ ಹಾಕಿಡುವ ಹಳೇ ಉಪಾಯ ಇಲ್ಲಿ ಕೆಲಸಕ್ಕೆ ಬರುತ್ತದೆ. ಕಟಕಟ ಸದ್ದು ನಿಂತರೆ ನೀರು ಮುಗಿಯಿತೆಂದು ಲೆಕ್ಕ, ಕುದಿಯುವ ನೀರನ್ನೇ ಸೇರಿಸಿ.

ರುಚಿಯಲ್ಲಿ ಫಾಯಿಲಿಗಿಂತ ಅರ್ಧ ಹೆಜ್ಜೆ ಹಿಂದೆ. ಮಸಾಲೆಯ ಮೇಲ್ಪದರ ಸ್ವಲ್ಪ ತೊಳೆದಂತಾಗುತ್ತದೆ. ಕೊನೆಗೆ ಸಾಸ್ ಒಂದು ಪದರ ಹೆಚ್ಚು ಹಚ್ಚಿದರೆ ಸರಿಹೋಗುತ್ತದೆ.

ಫಾಯಿಲ್ ದಾರಿಯಲ್ಲಿ ಹೊರಟು ನಡುವೆ ಕರೆಂಟ್ ಹೋದರೂ ಈ ಪಾತ್ರೆಯೇ ಗತಿ. ಮೊದಲ ಇಪ್ಪತ್ತು ನಿಮಿಷ ಓವನ್ ಬಾಗಿಲು ತೆರೆಯದೆ ಕಾಯಿರಿ, ಒಳಗಿನ ಬಿಸಿ ಅಷ್ಟು ಹೊತ್ತು ನಿಲ್ಲುತ್ತದೆ. ಬರಲಿಲ್ಲವೆಂದರೆ ಪೊಟ್ಟಣವನ್ನು ಬಿಚ್ಚದೆ ಹಾಗೇ ಹಬೆಗೆ ಏರಿಸಿ. ಅರೆಬೆಂದ ಮಾಂಸವನ್ನು ‘ಕರೆಂಟ್ ಬರಲಿ’ ಎಂದು ಉಗುರುಬೆಚ್ಚಗೆ ಎರಡು ಗಂಟೆ ಬಿಟ್ಟರೆ ಅದನ್ನು ತಿನ್ನುವ ಧೈರ್ಯ ಬೇಡ.

ಮೂರನೆಯದು: ಪ್ರೆಶರ್ ಕುಕ್ಕರ್

ಕುಕ್ಕರಿನ ಒಳಗೆ ಪೂರ್ತಿ ಒತ್ತಡದಲ್ಲಿ ಬಿಸಿ ಸುಮಾರು 120 ಡಿಗ್ರಿ. ಆದ್ದರಿಂದ ಮೂರು ಗಂಟೆಯ ಕೆಲಸ ಇಪ್ಪತ್ತು ನಿಮಿಷಕ್ಕೆ ಇಳಿಯುತ್ತದೆ. ಅದೇ ಇದರ ಗುಣ, ಅದೇ ದೋಷ. ಬೇರೆ ದಾರಿಯಲ್ಲಿ ಹದಕ್ಕೂ ಅತಿಗೂ ನಡುವೆ ಅರ್ಧ ಗಂಟೆ ಇದ್ದರೆ ಇಲ್ಲಿರುವುದು ನಾಲ್ಕೈದು ನಿಮಿಷ. ಎಲುಬಿನಿಂದ ಮಾಂಸ ಕಳಚಿ ತಳಕ್ಕೆ ಬಿದ್ದರೆ ಓವನ್ನಿನಲ್ಲಿ ಕೆಂಪು ಮಾಡಲು ಏನೂ ಉಳಿಯುವುದಿಲ್ಲ, ಪಲ್ಯಕ್ಕೆ ಆದೀತು.

ತಳದಲ್ಲಿ ಜಾಲರಿ ತಟ್ಟೆ, ಒಂದು ಕಪ್ ನೀರು, ಮಾಂಸ ನೀರಿಗೆ ತಾಗಬಾರದು. ಮೊದಲ ಸೀಟಿ ಬಂದ ಮೇಲೆ ಉರಿ ಸಣ್ಣದು ಮಾಡಿ ಹಂದಿಗೆ 15ರಿಂದ 18 ನಿಮಿಷ, ಬಲಿತ ಆಡಿಗೆ 20. ಸೀಟಿಗಳನ್ನು ಎಣಿಸಬೇಡಿ, ಗಡಿಯಾರ ನೋಡಿ: ದೊಡ್ಡ ಉರಿಯ ಐದು ಸೀಟಿಗೂ ಸಣ್ಣ ಉರಿಯ ಐದು ಸೀಟಿಗೂ ಅಜಗಜಾಂತರ. ವೈಟ್ ಎತ್ತಿ ಒತ್ತಡ ಬಿಡುವುದೂ ತಪ್ಪು. ಒಮ್ಮೆಗೇ ಒತ್ತಡ ಇಳಿದಾಗ ಮಾಂಸದೊಳಗಿನ ನೀರು ಕುದಿದು ಎಳೆಗಳು ಒಣಗುತ್ತವೆ. ತಾನಾಗಿಯೇ ಇಳಿಯಲಿ. ಹೊರತೆಗೆಯುವಾಗ ಪಟ್ಟಿ ತೀರಾ ಸಡಿಲವಿರುತ್ತದೆ, ಚಿಮಟದಲ್ಲಿ ಎತ್ತಿದರೆ ಮುರಿಯುತ್ತದೆ. ಹತ್ತು ನಿಮಿಷ ತಣಿಯಲು ಬಿಟ್ಟು ಅಗಲ ಸಟ್ಟುಗದಲ್ಲಿ ಎತ್ತಿ. ತಳದ ನೀರು ಚೆಲ್ಲಬೇಡಿ, ಮಾಂಸದ ಅರ್ಧ ರುಚಿ ಅದರಲ್ಲೇ ಇದೆ. ಮೇಲಿನ ಕೊಬ್ಬು ತೆಗೆದು ಸಾಸಿಗೆ ಸುರಿಯಿರಿ.

ನೀರಿನಲ್ಲಿ ಮುಳುಗಿಸಿ ಕುದಿಸಿ, ಬಸಿದು, ಆಮೇಲೆ ಓವನ್ನಿಗೆ ಹಾಕುವ ನಾಲ್ಕನೇ ದಾರಿಯೂ ಇದೆ. ಅದರಲ್ಲಿ ಸಾರು ಚೆನ್ನಾಗಿ ಬರುತ್ತದೆ.

ಹೊಗೆ ಎಲ್ಲಿಂದ?

ಓವನ್ನಿನಲ್ಲಿ ಮಾಡಿದ್ದಕ್ಕೆ ಹೊಗೆಯ ವಾಸನೆ ತಾನಾಗಿ ಬರುವುದಿಲ್ಲ. ಬಾರ್ಬೆಕ್ಯೂ ಚಿತ್ರಗಳಲ್ಲಿ ಮಾಂಸದ ಅಂಚಿಗೆ ಕಾಣುವ ಗುಲಾಬಿ ಉಂಗುರವೂ ಬರುವುದಿಲ್ಲ. ಅದು ಕಟ್ಟಿಗೆಯ ಹೊಗೆಯಲ್ಲಿರುವ ಅನಿಲಗಳು ಮಾಂಸದ ಕೆಂಪಿಗೆ ಅಂಟಿ ಆಗುವ ಬಣ್ಣವಷ್ಟೆ, ರುಚಿಗೂ ಅದಕ್ಕೂ ಸಂಬಂಧವಿಲ್ಲ. ಮಂಡೆಬಿಸಿ ಬೇಡ.

ಹೊಗೆಯ ರುಚಿಗೆ ನಮ್ಮಲ್ಲೇ ಒಂದು ಸುಲಭ ದಾರಿ ಇದೆ, ಕುಡಂಪುಳಿ. ಕೇರಳದ ಅಂಗಡಿಗಳಲ್ಲಿ ಸಿಗುವ ಈ ಕಪ್ಪು ಹುಳಿಯನ್ನು ಹೊಗೆಯಲ್ಲೇ ಒಣಗಿಸುವುದು ರೂಢಿ. ಮೀನು ಸಾರಿಗೆ ಹಾಕುವ ಇದನ್ನು ಸಾಸಿಗೆ ಹಾಕಿದರೆ ಹುಳಿಯ ಜತೆ ಹೊಗೆಯೂ ಬರುತ್ತದೆ. ಪುನರ್ಪುಳಿಯ ಹುಳಿ ಇನ್ನೂ ಹಿತ, ಬಣ್ಣವೂ ಚೆಂದ, ಆದರೆ ಹೊಗೆ ಇಲ್ಲ. ಹಂದಿಗೆ ಕುಡಂಪುಳಿ, ಆಡಿಗೆ ಪುನರ್ಪುಳಿ ಅನ್ನುವುದು ನಮ್ಮ ಪಕ್ಷಪಾತ.

ಇನ್ನಷ್ಟು ಬೇಕೆನ್ನುವವರು ಗೆರಟೆಯ (ತೆಂಗಿನ ಚಿಪ್ಪಿನ) ಇದ್ದಿಲನ್ನು ಒಲೆಯ ಮೇಲೆ ಬೂದಿ ಹಿಡಿಯುವವರೆಗೆ ಕಾಯಿಸಿ, ಸಣ್ಣ ಸ್ಟೀಲ್ ಬಟ್ಟಲಲ್ಲಿಟ್ಟು, ಬೆಂದ ಪಕ್ಕೆಲುಬಿನ ನಡುವೆ ಇರಿಸಿ, ಅರ್ಧ ಚಮಚ ತುಪ್ಪ ಬಿಟ್ಟು ಪಾತ್ರೆ ಮುಚ್ಚಿ. ಐದು ನಿಮಿಷ ಸಾಕು, ಹತ್ತಾದರೆ ಕಹಿ. ಹಸಿ ಗೆರಟೆ, ತೆಂಗಿನ ಸಿಪ್ಪೆ ಬೇಡ, ಅವುಗಳ ಹೊಗೆ ಕಣ್ಣಿಗೂ ನಾಲಿಗೆಗೂ ಘಾಟು. ಕೆಂಡವನ್ನು ಓವನ್ನಿನ ಒಳಗೆ ಇಡುವುದಾಗಲಿ, ಕಿಟಕಿ ಮುಚ್ಚಿದ ಅಡುಗೆಮನೆಯಲ್ಲಿ ಈ ಕೆಲಸ ಮಾಡುವುದಾಗಲಿ ಖಂಡಿತ ಕೂಡದು. ಕೆಂಡದ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ.

ಸಾಸ್, ಕೊನೆಯ ಹದಿನೈದು ನಿಮಿಷ

ಕುಡಂಪುಳಿ ಎರಡು ದೊಡ್ಡ ಎಸಳು (ಪುನರ್ಪುಳಿಯಾದರೆ ಹದಿನೈದು ಸಿಪ್ಪೆ) ತೊಳೆದು 150 ಮಿಲಿ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ತುರಿದ ಈರುಳ್ಳಿ ಒಂದು, ಬೆಳ್ಳುಳ್ಳಿ ಎಂಟು ಎಸಳು ಬಾಡಿಸಿ, 200 ಮಿಲಿ ಟೊಮೆಟೊ ರಸ, ಹುಳಿನೀರು, 70 ಗ್ರಾಂ ಓಲೆಬೆಲ್ಲ (ತಾಳೆಬೆಲ್ಲ), ಒಂದು ದೊಡ್ಡ ಚಮಚ ಬ್ಯಾಡಗಿ ಪುಡಿ, ಚಿಟಿಕೆ ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಕುದಿಸಿ. ಫಾಯಿಲಿನಲ್ಲೋ ಕುಕ್ಕರಿನಲ್ಲೋ ಉಳಿದ ರಸವನ್ನು ಕೊಬ್ಬು ತೆಗೆದು ಇದಕ್ಕೇ ಸೇರಿಸಿ, ಮತ್ತೆ ಇಳಿಸಿ. ತಟ್ಟೆಗೆ ಒಂದು ಚಮಚ ಹಾಕಿ ಬೆರಳಿನಲ್ಲಿ ಗೆರೆ ಎಳೆದರೆ ಗೆರೆ ಕೂಡಿಕೊಳ್ಳಬಾರದು. ತೆಳುವಾಗಿದ್ದರೆ ಮಾಂಸದ ಮೇಲೆ ನಿಲ್ಲದೆ ಟ್ರೇಗೆ ಇಳಿದು ಅಲ್ಲಿ ಕರಟುತ್ತದೆ, ಹೊಗೆ ತುಂಬುತ್ತದೆ.

ಸಾಸನ್ನು ಶುರುವಿನಲ್ಲೇ ಹಚ್ಚಿ ಬೇಯಿಸಿದರೇನು ಎಂದು ಕೇಳುವವರಿದ್ದಾರೆ. ಬೆಲ್ಲ, ಜೇನು ಇವು ಬಿಳಿ ಸಕ್ಕರೆಗಿಂತ ಬೇಗ ಕೆಂಪಾಗುತ್ತವೆ, ಅಷ್ಟೇ ಬೇಗ ಸುಡುತ್ತವೆ. ಮೂರು ಗಂಟೆಯ ಬಿಸಿಗೆ ಅವು ಉಳಿಯುವುದಿಲ್ಲ.

ಕೆಂಪು ಮಾಡುವ ಮೊದಲು ಮಾಂಸ ಮೆದುವಾಗಿದೆಯೇ ನೋಡಿಕೊಳ್ಳಿ, ಆಮೇಲೆ ತಿದ್ದಲು ಆಗುವುದಿಲ್ಲ. ಎಲುಬಿನ ತುದಿಯಲ್ಲಿ ಮಾಂಸ ಬೆರಳಗಲದಷ್ಟು ಹಿಂದೆ ಸರಿದಿರಬೇಕು. ಎರಡು ಎಲುಬಿನ ನಡುವೆ ಕಡ್ಡಿ ಚುಚ್ಚಿದರೆ ಬೆಣ್ಣೆಗೆ ಚುಚ್ಚಿದಂತೆ ಇಳಿಯಬೇಕು. ಪಟ್ಟಿಯ ಮೂರನೇ ಒಂದು ಭಾಗವನ್ನು ಚಿಮಟದಲ್ಲಿ ಹಿಡಿದು ಎತ್ತಿದರೆ ಉಳಿದದ್ದು ಬಾಗಿ, ಮೇಲ್ಮೈಯಲ್ಲಿ ಸಣ್ಣ ಬಿರುಕು ಕಾಣಬೇಕು. ಬಾಗದೆ ಹಲಗೆಯಂತೆ ನಿಂತರೆ ಮತ್ತೆ ಮುಚ್ಚಿ ಅರ್ಧ ಗಂಟೆ. ಎತ್ತುವಾಗಲೇ ಎರಡು ತುಂಡಾದರೆ ಹದ ದಾಟಿತು; ಅದನ್ನು ಮುಟ್ಟದೆ ಟ್ರೇಯಲ್ಲೇ ಬಿಟ್ಟು ಅಲ್ಲೇ ಸಾಸ್ ಹಚ್ಚಿ.

ಓವನ್ 220ಕ್ಕೆ ಕಾದಿರಲಿ, ಮೇಲಿನ ರಾಡ್ ಮಾತ್ರ, ಮಾಂಸ ನಡುವಿನ ಮೆಟ್ಟಿಲಲ್ಲಿ. ಮೇಲ್ಮೈಯ ನೀರನ್ನು ಒರಸಿ ಸಾಸ್ ಒಂದು ತೆಳು ಪದರ ಹಚ್ಚಿ ಐದು ನಿಮಿಷ; ಮತ್ತೊಂದು ಪದರ, ಐದು ನಿಮಿಷ; ಮೂರನೆಯದು, ಮೂರರಿಂದ ಐದು. ಒಂದೇ ಸಲ ದಪ್ಪಗೆ ಬಳಿದರೆ ಮೇಲೆ ಕಪ್ಪಾಗಿ ಅಡಿಯಲ್ಲಿ ಹಸಿಯಾಗಿಯೇ ಉಳಿಯುತ್ತದೆ. ಕೊನೆಯ ಪದರದ ಹೊತ್ತಿಗೆ ಗಾಜಿನ ಮುಂದಿನಿಂದ ಕದಲಬೇಡಿ. ಸಾಸ್ ಮೇಲೆ ಗುಳ್ಳೆಗಳು ಸಣ್ಣದಾಗಿ ಚಿಟಿಚಿಟಿ ಎನ್ನುವಾಗ ಸರಿ. ಗುಳ್ಳೆ ದೊಡ್ಡದಾಗಿ ಅದರ ಅಂಚು ಕಪ್ಪಾಗತೊಡಗಿದರೆ ಆ ಕ್ಷಣವೇ ಹೊರಗೆ. ಅಲ್ಲಿಂದ ಕಹಿಗೆ ಒಂದೇ ನಿಮಿಷ.

ಹತ್ತು ನಿಮಿಷ ಬಿಟ್ಟು, ಪಟ್ಟಿಯನ್ನು ಬೋರಲು ಹಾಕಿ ಎಲುಬಿನ ಬದಿಯಿಂದ ಕೊಯ್ಯಿರಿ. ಮೇಲಿನಿಂದ ಕೊಯ್ಯುವಾಗ ಎಲುಬು ಎಲ್ಲಿದೆಯೆಂದು ಕಾಣುವುದಿಲ್ಲ, ಸಾಸಿನ ಪದರವೂ ಕಿತ್ತುಬರುತ್ತದೆ.

ಹಾಗಾದರೆ ಯಾವುದು?

ಆದಿತ್ಯವಾರ, ಕರೆಂಟ್ ಗಟ್ಟಿ, ಕೈಯಲ್ಲಿ ನಾಲ್ಕು ಗಂಟೆ ಇದೆ ಎಂದಾದರೆ ಬಾಳೆಲೆ-ಫಾಯಿಲ್ ಬಿಟ್ಟು ಬೇರೆ ಯೋಚಿಸಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅಥವಾ ಗುಂಡಿಯ ಮೇಲೆ ನಂಬಿಕೆಯಿಲ್ಲದ ಹಳೇ ಓವನ್ ಆದರೆ ಹಬೆ. ಅಂಗಡಿಯವರು ಆಗಲೇ ಸಣ್ಣ ತುಂಡು ಮಾಡಿಕೊಟ್ಟಿದ್ದರೂ ಹಬೆಯೇ, ಆದರೆ 55 ನಿಮಿಷವಾದಾಗಲೇ ಒಮ್ಮೆ ಕಡ್ಡಿ ಚುಚ್ಚಿ ನೋಡಿ. ನೆಂಟರು ಒಂದೂವರೆ ಗಂಟೆಯಲ್ಲಿ ಬರುವವರಿದ್ದರೆ ಕುಕ್ಕರ್. ಆಡು ಬಲಿತದ್ದು ಎಂಬ ಅನುಮಾನವಿದ್ದರೂ ಕುಕ್ಕರ್.

ಹಬ್ಬದ ದಿನ ಇಪ್ಪತ್ತು ಜನಕ್ಕೆ ಮಾಡುವುದಾದರೆ ಎರಡು ದಿನಕ್ಕೆ ಹಂಚಿಕೊಳ್ಳಿ. ಮೆದು ಮಾಡುವುದನ್ನು ಹಿಂದಿನ ದಿನ ಮುಗಿಸಿ, ಪೊಟ್ಟಣ ಸಮೇತ ತಣಿಸಿ ಎರಡು ಗಂಟೆಯೊಳಗೆ ಫ್ರಿಜ್ಜಿಗೆ. ತಣ್ಣಗಾದ ಪಟ್ಟಿ ಗಟ್ಟಿಯಾಗಿ ನಿಲ್ಲುವುದರಿಂದ ಚೊಕ್ಕವಾಗಿ ಕೊಯ್ಯಲೂ ಬರುತ್ತದೆ. ಮರುದಿನ ಪೊಟ್ಟಣದಲ್ಲೇ 150 ಡಿಗ್ರಿಯಲ್ಲಿ ಅರ್ಧ ಗಂಟೆ ಬಿಸಿ ಮಾಡಿ, ಆಮೇಲೆ ತೆರೆದು ಸಾಸ್. ಫ್ರಿಜ್ಜಿನಿಂದ ತೆಗೆದದ್ದನ್ನು ನೇರವಾಗಿ 220ಕ್ಕೆ ಇಟ್ಟರೆ ಮೇಲೆ ಬೆಲ್ಲ ಸುಡುವಾಗಲೂ ಎಲುಬಿನ ಹತ್ತಿರ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿಯೇ ಇರುತ್ತದೆ.